ಕುಕ್ಕರ್, ಎಳ್ಳು, ಮಿಸೊ, ತೌಡು: ಮ್ಯಾಕ್ರೋಬಯಾಟಿಕ್ ಅಡುಗೆಮನೆ ಕಟ್ಟಿಕೊಂಡ ಒಂದು ವರ್ಷ

ಮ್ಯಾಕ್ರೋಬಯಾಟಿಕ್ ಊಟದ, ಅಂದರೆ ಪಾಲಿಶ್ ಮಾಡದ ಧಾನ್ಯ, ಆಯಾ ಕಾಲದ ತರಕಾರಿಯನ್ನೇ ಮುಖ್ಯ ಮಾಡಿಕೊಂಡ ಊಟದ ಕ್ರಮದ ಬಗ್ಗೆ ವಿಚಾರಿಸುವವರು ಮೊದಲು ಕೇಳುವುದು ಏನು ತಿನ್ನಬೇಕು, ಏನು ಬಿಡಬೇಕು ಅಂತ. ಆ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಬರೀ ಪಟ್ಟಿ ಹಿಡಿದುಕೊಂಡು ಹೊರಟವರು ಬೇಗ ಕೈಬಿಡುವುದನ್ನೂ ನೋಡಿದ್ದೇನೆ. ರಾತ್ರಿ ಎಂಟು ಗಂಟೆಗೆ ಕೆಲಸದಿಂದ ಬಂದ ಮೇಲೆ ಅಕ್ಕಿ ನೆನೆದಿಲ್ಲ, ಎಳ್ಳು ಅರೆದಿಲ್ಲ, ಉಪ್ಪಿನಕಾಯಿ ಇಲ್ಲ ಅಂದರೆ ಊಟ ಹೇಗೆ ಆಗಬೇಕು? ಈ ಊಟಕ್ಕೆ ಹಿಂದಿನ ರಾತ್ರಿಯ ಕೆಲಸ ಬೇಕು. ಕೆಲವಕ್ಕೆ ಹಿಂದಿನ ಚಳಿಗಾಲದ್ದೇ ಬೇಕು. ಅದಕ್ಕೇ ನಾವು ಪಟ್ಟಿ ಬದಿಗಿಟ್ಟು ಪಾತ್ರೆ, ಭರಣಿ, ಡಬ್ಬಗಳಿಂದ ಶುರು ಮಾಡಿದೆವು.

ನಾವಿರುವುದು ಟೋಕಿಯೋ ಪಕ್ಕದ ಸೈತಾಮಾ ಪ್ರಾಂತ್ಯದ ಕವಾಗೋಯೆಯಲ್ಲಿ. ಊರು ಉಡುಪಿ ಕಡೆ. ಮನೆಯಲ್ಲಿ ನಾನು, ಹೆಂಡತಿ, ಶಾಲೆಗೆ ಹೋಗುವ ಮಗಳು. ಊಟದ ಈ ಕ್ರಮ ಹುಟ್ಟಿದ್ದು ಜಪಾನಿನಲ್ಲೇ, ಹಾಗಾಗಿ ಸಾಮಾನು ಹುಡುಕುವ ಕಷ್ಟ ನಮಗೆ ಅಷ್ಟಾಗಿ ಬರಲಿಲ್ಲ.

ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಜಪಾನಿನ ಮೇಜಿ ಚಕ್ರವರ್ತಿಯ ಕಾಲದಲ್ಲಿ ಸೇನೆಯ ವೈದ್ಯರಾಗಿದ್ದ ಇಶಿಜುಕಾ ಸಾಗೆನ್ ಅನ್ನುವವರು, ಕಾಯಿಲೆಗೆ ಮೂಲ ಊಟದಲ್ಲೇ ಇದೆ ಅಂತ ಹೇಳುತ್ತಾ 1907ರಲ್ಲಿ ಒಂದು ಸಂಘ ಕಟ್ಟಿದರು. ಅವರ ಹೇಳಿಕೆ ಸರಳವಾಗಿತ್ತು. ಧಾನ್ಯವನ್ನು ಪಾಲಿಶ್ ಮಾಡದೆ ತಿನ್ನಿ, ತರಕಾರಿಯನ್ನು ಸಿಪ್ಪೆ, ಬೇರು ಸಮೇತ ತಿನ್ನಿ, ನಿಮ್ಮ ನೆಲದಲ್ಲಿ ಆ ಕಾಲಕ್ಕೆ ಬೆಳೆದದ್ದನ್ನು ತಿನ್ನಿ. ಅದೇ ದಾರಿ ಹಿಡಿದ ಸಾಕುರಾಜಾವಾ ಯುಕಿಕಾಜು, ಹೊರದೇಶಗಳಲ್ಲಿ ಜಾರ್ಜ್ ಒಹ್ಸಾವಾ ಅಂತಲೇ ಹೆಸರಾದವರು, ಅದಕ್ಕೆ ಯಿನ್ ಯಾಂಗ್ ಲೆಕ್ಕ, ಅಂದರೆ ನಮ್ಮ ತಂಪು-ಉಷ್ಣದ ಹಾಗೆ ಎದುರುಬದುರು ಗುಣಗಳನ್ನು ತೂಗುವ ಚೀನಾದ ಲೆಕ್ಕ ಸೇರಿಸಿ ಯುರೋಪ್, ಅಮೆರಿಕಕ್ಕೆ ಒಯ್ದರು. ಅವರು ತೀರಿಕೊಂಡಿದ್ದು 1966ರಲ್ಲಿ. ಆಮೇಲೆ ಅಮೆರಿಕದಲ್ಲಿ ನೆಲೆಸಿದ್ದ ಮಿಚಿಯೋ ಕುಶಿ ಇದನ್ನು ಮನೆಮನೆಗೆ ಹೊಂದುವ ಹಾಗೆ ಮಾಡಿದರು. ತಟ್ಟೆಯಲ್ಲಿ ಅರ್ಧದಷ್ಟು ಅಥವಾ ಸ್ವಲ್ಪ ಜಾಸ್ತಿ ಇಡೀ ಧಾನ್ಯ, ಕಾಲು ಭಾಗಕ್ಕಿಂತ ಕೊಂಚ ಹೆಚ್ಚು ತರಕಾರಿ, ಉಳಿದದ್ದರಲ್ಲಿ ಬೇಳೆಕಾಳು, ಕಡಲಕಳೆ, ಒಂದು ಬಟ್ಟಲು ಸೂಪು. ನಾವು ಇಟ್ಟುಕೊಂಡಿದ್ದು ಈ ಕುಶಿ ಅಳತೆಯನ್ನು.

ಒಹ್ಸಾವಾ ಅವರ 7ನೇ ನಂಬರಿನ ಊಟ ಅಂತ ಒಂದಿದೆ. ಬರೀ ಧಾನ್ಯ, ನೀರೂ ಆದಷ್ಟು ಕಡಿಮೆ. ಅದರ ಹತ್ತಿರ ನಾವು ಹೋಗಲಿಲ್ಲ, ನೀವೂ ದಯವಿಟ್ಟು ಹೋಗಬೇಡಿ. 1965ರಲ್ಲಿ ನ್ಯೂಜೆರ್ಸಿಯಲ್ಲಿ ಅದನ್ನೇ ಹಿಡಿದು ಕೂತ ಒಬ್ಬ ಯುವತಿ ತೀರಿಕೊಂಡರು. 1971ರಲ್ಲಿ ಅಮೆರಿಕದ ವೈದ್ಯರ ಸಂಘ ಈ ಕ್ರಮದ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಕ್ಕೆ ಇಂಥ ಅತಿರೇಕಗಳೇ ಕಾರಣ.

ಜನವರಿ: ಅನ್ನ

ಕರಾವಳಿಯವರಿಗೆ ಕುಚ್ಚಲಕ್ಕಿ ಗೊತ್ತು, ಹಾಗಾಗಿ ಇಲ್ಲಿಯ ಪಾಲಿಶ್ ಮಾಡದ ಅಕ್ಕಿ ಗೆನ್ಮಾಯ್ ಅಂದರೆ ಅದೇ ಇರಬೇಕು ಅಂತ ಅನಿಸುವುದು ಸಹಜ. ಎರಡೂ ಬೇರೆ. ಕುಚ್ಚಲಕ್ಕಿಯಲ್ಲಿ ಭತ್ತವನ್ನು ಮೊದಲು ಬೇಯಿಸಿ, ಒಣಗಿಸಿ, ಆಮೇಲೆ ಹೊಟ್ಟು ತೆಗೆಯುತ್ತಾರೆ. ಗೆನ್ಮಾಯ್ ಬೇಯಿಸದ ಅಕ್ಕಿ. ಮೇಲಿನ ಒರಟು ಹೊಟ್ಟು ಮಾತ್ರ ಹೋಗಿರುತ್ತದೆ, ತೌಡಿನ ಪದರ, ಮೊಳಕೆಯ ತುದಿ ಎಲ್ಲಾ ಹಾಗೇ ಇರುತ್ತವೆ. ನೆನೆಸಿಟ್ಟರೆ ಮೊಳಕೆ ಬರುತ್ತದೆ. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. ಹಾಗಾಗಿ 2 ಕಿಲೋಗಿಂತ ಜಾಸ್ತಿ ತರುವುದಿಲ್ಲ, ಬೇಸಿಗೆಯಲ್ಲಿ ಫ್ರಿಜ್‌ನಲ್ಲೇ ಇಡುತ್ತೇವೆ.

ಪಾತ್ರೆಗೆ ಹೊಸದಾಗಿ ಖರ್ಚು ಮಾಡಲಿಲ್ಲ. ಊರಿಂದ ತಂದ 5 ಲೀಟರ್ ಕುಕ್ಕರೇ ಸಾಕಾಯಿತು. ಮ್ಯಾಕ್ರೋಬಯಾಟಿಕ್ ಅಡುಗೆಯಲ್ಲಿ ಗೆನ್ಮಾಯ್‌ಗೆ ಪ್ರೆಶರ್ ಕುಕ್ಕರೇ ಮುಖ್ಯ ಪಾತ್ರೆ. ಜಪಾನಿನ ಕುಕ್ಕರಿನಿಂದ ಹಬೆ ಅಷ್ಟಾಗಿ ಹೊರಗೆ ಹೋಗುವುದಿಲ್ಲ, ನಮ್ಮದು ಸೀಟಿ ಹೊಡೆದು ಹಬೆ ಬಿಡುತ್ತದೆ. ಹಾಗಾಗಿ ನೀರಿನ ಅಳತೆ ಬದಲಾಗಬೇಕು.

ಕೈಗೆ ಕೂತ ಅಳತೆ ಇದು. ಇಲ್ಲಿಯ 180 ಮಿಲಿಲೀಟರ್ ಲೋಟದಲ್ಲಿ 2 ಲೋಟ ಅಕ್ಕಿ, ಅಂದರೆ ಸುಮಾರು 300 ಗ್ರಾಂ. ತೊಳೆಯುವಾಗ ಕೈ ಮುಗಿದ ಹಾಗೆ ಎರಡು ಅಂಗೈ ಮಧ್ಯೆ ಅಕ್ಕಿ ಹಿಡಿದು ಮೆಲ್ಲಗೆ ಉಜ್ಜಬೇಕು. ಉಳಿದ ಹೊಟ್ಟು ನೀರಿನ ಮೇಲೆ ತೇಲುತ್ತದೆ. ಹೊಸ ನೀರಿನಲ್ಲಿ ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಆ ನೀರು ಚೆಲ್ಲಿ, 3 ಲೋಟ ಹೊಸ ನೀರು, ಒಂದು ಚಿಟಿಕೆ ಕಲ್ಲುಪ್ಪು. ಮಧ್ಯಮ ಉರಿಯಲ್ಲಿ ಒಂದು ಸೀಟಿ ಬಂದ ಕೂಡಲೇ ಉರಿ ಪೂರಾ ಸಣ್ಣ ಮಾಡಿ, ಕುಕ್ಕರಿನ ಅಡಿಗೆ ಕಬ್ಬಿಣದ ಕಾವಲಿ ಇಡಬೇಕು. ಕಾವಲಿ ಇದ್ದರೆ ಬಿಸಿ ಒಂದೇ ಕಡೆ ತಾಗುವುದಿಲ್ಲ, ತಳ ಹಿಡಿಯುವುದಿಲ್ಲ. ಹಾಗೇ 30 ನಿಮಿಷ. ಮಧ್ಯೆ ಸೀಟಿ ಬಂದರೆ ಉರಿ ಇನ್ನೂ ಜಾಸ್ತಿ ಇದೆ ಅಂತ ಅರ್ಥ. ಆಮೇಲೆ ಹಬೆ ತಾನಾಗಿ ಇಳಿಯುವವರೆಗೆ ಮುಟ್ಟಬಾರದು. ಮುಚ್ಚಳ ತೆಗೆದ ಮೇಲೆ ಒದ್ದೆ ಮರದ ಸೌಟಿನಲ್ಲಿ ತಳದಿಂದ ಮೇಲಕ್ಕೆ ತಿರುವಿಬಿಡಬೇಕು. ಅಗುಳು ಒಡೆಯದೆ, ಹೊಳೆಯುತ್ತಾ, ಹಲ್ಲಿಗೆ ಸಣ್ಣ ತಡೆ ಕೊಡುವ ಅನ್ನ ಬರುತ್ತದೆ.

ಮೊದಲ ವಾರ ಹೆಂಡತಿ ತಟ್ಟೆ ನೋಡಿ ಹೇಳಿದಳು, "ರೀ, ನಮಗೆ ಆಯ್ತು, ಮಗಳು ಇದನ್ನು ಶಾಲೆಯ ದಿನ ಅಗಿದು ಮುಗಿಸೋದು ಯಾವಾಗ?" ಸರಿಯಾದ ಪ್ರಶ್ನೆ. ಮ್ಯಾಕ್ರೋಬಯಾಟಿಕ್‌ನಲ್ಲಿ ಒಂದೊಂದು ತುತ್ತನ್ನೂ 50 ಸಲ ಅಗಿಯಬೇಕು ಅಂತಾರೆ. ನಾವು ದೊಡ್ಡವರು ಅದಕ್ಕೆ ಒಗ್ಗಿಕೊಂಡೆವು, ಊಟದ ಹೊತ್ತು ಉದ್ದ ಆಯಿತು, ಮೊದಲಿನಷ್ಟು ಬಡಿಸಿಕೊಳ್ಳುವುದೂ ಬಿಟ್ಟುಹೋಯಿತು. ಮಗಳಿಗೆ ಅರ್ಧ ಪಾಲಿಶ್ ಮಾಡಿದ ಅಕ್ಕಿ ಬೇರೆ ಮಾಡುತ್ತೇವೆ.

ದಿನಾ ಅಕ್ಕಿಯನ್ನೇ ತಿನ್ನುವುದಿಲ್ಲ. ನೆಲದಲ್ಲಿರುವ ಆರ್ಸೆನಿಕ್ ಅಕ್ಕಿಯ ತೌಡಿನ ಪದರದಲ್ಲಿ ಜಾಸ್ತಿ ಸೇರುತ್ತದೆ, ಹಾಗಾಗಿ ಪಾಲಿಶ್ ಮಾಡದ ಅಕ್ಕಿಯನ್ನು ಮೂರು ಹೊತ್ತೂ ತಿನ್ನುವುದು ನನಗೆ ಸರಿ ಕಾಣುವುದಿಲ್ಲ. ಇಲ್ಲಿಯ ಸೂಪರ್ ಮಾರ್ಕೆಟ್‌ನಲ್ಲಿ ಆವಾ, ಕಿಬಿ, ಹಿಯೆ ಅಂತ ಸಣ್ಣ ಸಣ್ಣ ಪ್ಯಾಕೆಟ್ ಸಿಗುತ್ತದೆ. ಬಿಡಿಸಿ ನೋಡಿದರೆ ನಮ್ಮ ನವಣೆ, ಬರಗು, ಊದಲು! ವಾರದಲ್ಲಿ ಎರಡು ಮೂರು ದಿನ ಅವು, ಮತ್ತೊಂದು ದಿನ ಬಾರ್ಲಿ.

ಎಳ್ಳುಪ್ಪು

ಗೊಮಾಶಿಯೋ ಅನ್ನುವುದು ಹುರಿದ ಎಳ್ಳು, ಉಪ್ಪು ಸೇರಿಸಿ ಅರೆದ ಪುಡಿ. 16 ಚಮಚ ಎಳ್ಳಿಗೆ 1 ಚಮಚ ಉಪ್ಪು. ಕೆಲಸ ಸಣ್ಣದು, ಆದರೆ ಪಾತ್ರೆ ಸರಿಯಾಗಿರಬೇಕು. ಸುರಿಬಾಚಿ ಅಂತ ಒಂದು ಮಣ್ಣಿನ ಬಟ್ಟಲು ಇದೆ, ಒಳಗೆಲ್ಲಾ ಬಾಚಣಿಗೆ ಎಳೆದ ಗೀರುಗಳು. ಹೊರಗೆ ಮೆರುಗು ಇರುತ್ತದೆ, ಒಳಗೆ ಗೀರು ಇರುವಲ್ಲಿ ಇರುವುದಿಲ್ಲ. ಮರದ ಗುಂಡಿನಿಂದ ಎಳ್ಳನ್ನು ಗೀರಿಗೆ ಉಜ್ಜಿದರೆ ಕಾಳು ಬಿಚ್ಚುತ್ತದೆ, ಎಣ್ಣೆ ಉಪ್ಪಿನ ಹರಳಿಗೆ ಹಿಡಿಯುತ್ತದೆ. ಮಿಕ್ಸಿಯಲ್ಲಿ ಹಾಕಿದರೆ ಅಷ್ಟೂ ಎಣ್ಣೆ ಬಿಟ್ಟು ಮುದ್ದೆ ಆಗುತ್ತದೆ, ಅದು ಬೇಡ.

ಉಪ್ಪನ್ನು ಮೊದಲು ಬೇರೆ ಹುರಿದು ಅರೆಯಬೇಕು, ಆಮೇಲೆ ಎಳ್ಳು. ಎಳ್ಳು ಹುರಿದದ್ದು ಸಾಕೋ ಇಲ್ಲವೋ ಅಂತ ನೋಡಲು ಹೆಬ್ಬೆರಳು, ಉಂಗುರದ ಬೆರಳ ಮಧ್ಯೆ ಒಂದು ಕಾಳು ಒತ್ತಬೇಕು. ಈ ಎರಡು ಬೆರಳು ಸೇರಿದರೆ ಬಲ ಕಡಿಮೆ. ಅಷ್ಟಕ್ಕೇ ಪುಡಿಯಾದರೆ ಹದ ಬಂದಿದೆ. ಅರೆಯುವಾಗ ಮುಕ್ಕಾಲು ಪಾಲು ಒಡೆದರೆ ನಿಲ್ಲಿಸಿ. ಎರಡು ವಾರಕ್ಕಿಂತ ಹಳತಾದರೆ ಪರಿಮಳ ಇರುವುದಿಲ್ಲ.

ಫೆಬ್ರವರಿ: ಮಿಸೊ ಹಾಕುವುದು

ಮಿಸೊ ಅಂದರೆ ಬೆಂದ ಸೋಯಾ ಕಾಳಿಗೆ ಉಪ್ಪು, ಕೋಜಿ ಸೇರಿಸಿ ತಿಂಗಳುಗಟ್ಟಲೆ ಹುಳಿಯಲು ಬಿಟ್ಟ ಮುದ್ದೆ, ಸೂಪಿಗೆ ಕರಗಿಸುವುದು. ಇಡೀ ವರ್ಷದ ಕೆಲಸದಲ್ಲಿ ನನಗೆ ಅತಿ ಇಷ್ಟ ಆಗಿದ್ದು ಇದು. ಅಂಗಡಿಯಲ್ಲಿ ಒಳ್ಳೆಯ ಮಿಸೊ ಸಿಗುವ ಊರಿನಲ್ಲೇ ಇದ್ದೇವೆ, ಆದರೂ ಮನೆಯಲ್ಲಿ ಹಾಕಿದ್ದರಿಂದಲೇ ಈ ಊಟದ ಕಾಲಮಾನ ನನಗೆ ಅರ್ಥವಾಯಿತು. ಜಪಾನಿನಲ್ಲಿ ಮಿಸೊ ಹಾಕುವುದು ಜನವರಿ, ಫೆಬ್ರವರಿಯ ಕೊರೆಯುವ ಚಳಿಯಲ್ಲಿ. ಆಗ ಬೇರೆ ಸೂಕ್ಷ್ಮಜೀವಿಗಳ ಕಾಟ ಕಡಿಮೆ, ಹುಳಿಯುವುದು ನಿಧಾನವಾಗಿ ಶುರುವಾಗಿ ಬೇಸಿಗೆಯಲ್ಲಿ ವೇಗ ಹಿಡಿಯುತ್ತದೆ.

ಅಳತೆ: ಒಣ ಸೋಯಾ 500 ಗ್ರಾಂ, ಕೋಜಿ 500 ಗ್ರಾಂ, ಉಪ್ಪು 210 ಗ್ರಾಂ. ಬೆಂದ ಸೋಯಾ ಎರಡು ಪಟ್ಟಿಗಿಂತ ಜಾಸ್ತಿ ತೂಗುತ್ತದೆ, ಹಾಗಾಗಿ ಒಟ್ಟು ಸುಮಾರು 1.8 ಕಿಲೋ ಮಿಸೊ, ಉಪ್ಪು ಶೇಕಡಾ 11.6ರ ಹತ್ತಿರ. ಉಪ್ಪು ಕಡಿಮೆ ಮಾಡುವ ಆಸೆ ಬರುತ್ತದೆ. ಹತ್ತು ತಿಂಗಳು ಹೊರಗೇ ಇಡುವ ಮಿಸೊಗೆ ಅದು ಬೇಡ, ಕೆಡದೆ ಉಳಿಯುವುದೇ ಆ ಉಪ್ಪಿನಿಂದ.

ಕೋಜಿ ಅಂದರೆ ಅಕ್ಕಿ ಅಥವಾ ಬಾರ್ಲಿಯ ಮೇಲೆ ಬೆಳೆಸಿದ ಒಂದು ಒಳ್ಳೆಯ ಬೂಸ್ಟು, ಆಸ್ಪರ್ಜಿಲ್ಲಸ್ ಒರೈಜೆ. ಜಪಾನಿನ ಮದ್ಯ ತಯಾರಕರ ತಜ್ಞ ಸಂಘ 2006ರಲ್ಲಿ ಇದನ್ನು ದೇಶದ ಬೂಸ್ಟು ಅಂತಲೇ ಘೋಷಿಸಿತು. ಇದರ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ, ಸೋಯಾದ ಪ್ರೋಟೀನನ್ನು ಒಡೆದು ರುಚಿ ಕೊಡುವ ಅಮೈನೋ ಆಮ್ಲ ಮಾಡುತ್ತವೆ. ಮ್ಯಾಕ್ರೋಬಯಾಟಿಕ್‌ನವರಿಗೆ ಬಾರ್ಲಿ ಮಿಸೊ ಅಚ್ಚುಮೆಚ್ಚು, ಹಾಗಾಗಿ ನಾನು ಬಾರ್ಲಿ ಕೋಜಿ ತಂದೆ.

ಸೋಯಾವನ್ನು 18 ಗಂಟೆ ನೆನೆಸಿದೆ. ಉರುಟು ಕಾಳು ಉದ್ದಕ್ಕೆ ಹಿಗ್ಗುತ್ತದೆ. ಒಂದನ್ನು ಸೀಳಿ ನೋಡಿದಾಗ ಮಧ್ಯೆ ಒಣಗಿದ ಬಿಳಿ ಭಾಗ ಕಾಣಬಾರದು. ಕುಕ್ಕರಿನಲ್ಲಿ ಬೇಯಿಸುವವರಿಗೆ ಒಂದು ಮಾತು: ನೀರು, ಕಾಳು ಸೇರಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಸೋಯಾ ನೊರೆ ಬರಿಸುತ್ತದೆ, ಸಿಪ್ಪೆ ಎದ್ದು ಹಬೆ ಹೋಗುವ ತೂತಿಗೆ ಸಿಕ್ಕಿಕೊಳ್ಳುತ್ತದೆ. ಅದು ಅಪಾಯ. ಮುಚ್ಚಳ ಹಾಕುವ ಮೊದಲು ಕುದಿಸಿ, ನೊರೆ ಮತ್ತು ಬಿಡಿ ಸಿಪ್ಪೆ ತೆಗೆದುಬಿಡಿ. ನಾನು ಕಂತು ಕಂತಾಗಿ ಬೇಯಿಸಿದೆ, ಸಣ್ಣ ಉರಿಯಲ್ಲಿ 25 ನಿಮಿಷ. ತೆರೆದ ಪಾತ್ರೆಯಲ್ಲಾದರೆ ಮೂರು ನಾಲ್ಕು ಗಂಟೆ. ಹೆಬ್ಬೆರಳು, ಕಿರುಬೆರಳ ಮಧ್ಯೆ ಒತ್ತಿದರೆ ಸುಮ್ನೆ ಕುಸಿಯುವಷ್ಟು ಬೇಯಬೇಕು.

ಬಿಸಿ ಇರುವಾಗಲೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಲಟ್ಟಣಿಗೆಯಿಂದ ಜಜ್ಜಿದೆವು. ಮಗಳು ಕಾಲಲ್ಲಿ ತುಳಿದಳು, ಇಲ್ಲಿಯ ಮಕ್ಕಳೂ ಹಾಗೇ ಮಾಡುತ್ತಾರೆ. ಆ ಕಡೆ ದೊಡ್ಡ ಬೋಗುಣಿಯಲ್ಲಿ ಕೋಜಿಯ ಗಂಟು ಬಿಡಿಸಿ ಉಪ್ಪು ಸೇರಿಸಿ ಕೈಯಲ್ಲಿ ಉಜ್ಜಿದೆ. ಸೋಯಾ ಮುದ್ದೆ ಉಗುರು ಬೆಚ್ಚಗೆ ಆಗುವವರೆಗೆ ಕಾಯಬೇಕು. ಬಿಸಿ ಬಿಸಿ ಸೇರಿಸಿದರೆ ಕೋಜಿಯ ಕಿಣ್ವ ಸತ್ತುಹೋಗುತ್ತದೆ. ಎರಡನ್ನೂ ಕಲಸಿ, ಗಟ್ಟಿ ಅನಿಸಿದರೆ ಸೋಯಾ ಬೇಯಿಸಿದ ನೀರು ಸ್ವಲ್ಪ ಸ್ವಲ್ಪ ಹಾಕಬೇಕು. ಹದ ಎಷ್ಟು ಅಂತ ಪಕ್ಕದ ಮನೆಯ ಅಜ್ಜಿಯನ್ನು ಕೇಳಿದೆ. ಅವರು ಬೋಗುಣಿಗೆ ಕೈ ಹಾಕಿ, ಆಮೇಲೆ ತಮ್ಮ ಕಿವಿ ಮುಟ್ಟಿ ತೋರಿಸಿದರು. "ಕಿವಿಯ ಹಾಲೆಯಷ್ಟು ಮೆತ್ತಗೆ. ಅಷ್ಟೇ."

ಕಿತ್ತಳೆ ಗಾತ್ರದ ಉಂಡೆ ಕಟ್ಟಿ ಒಂದೊಂದನ್ನೂ ಭರಣಿಯ ತಳಕ್ಕೆ ರಪ್ಪನೆ ಎಸೆಯಬೇಕು. ಒಳಗಿನ ಗಾಳಿ ಹೋಗಬೇಕು, ಅದಕ್ಕೇ ಎಸೆಯುವುದು. ಗಾಳಿ ಉಳಿದ ಕಡೆ ಬೂಸ್ಟು ಹಿಡಿಯುತ್ತದೆ. ಭರಣಿಯನ್ನು ಮೊದಲೇ ಶೇಕಡಾ 35ರ ಶೋಚು ಮದ್ಯದಲ್ಲಿ ಒರೆಸಿಟ್ಟಿದ್ದೆ. ಎಲ್ಲಾ ಹಾಕಿ ಮುಷ್ಟಿಯಿಂದ ಒತ್ತಿ, ಮೇಲ್ಭಾಗ ನುಣ್ಣಗೆ ಮಾಡಿ, ಅಂಚಿನ ಸುತ್ತ ಒಂದು ಸಾಲು ಉಪ್ಪು. ಬೂಸ್ಟು ಶುರುವಾಗುವುದು ಯಾವಾಗಲೂ ಅಂಚಿನಿಂದ. ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ತೂಕಕ್ಕೆ 500 ಗ್ರಾಂ ಉಪ್ಪಿನ ಪ್ಯಾಕೆಟ್ಟನ್ನೇ ಇಟ್ಟೆ. ಮಿಸೊ ತೂಕದ ಕಾಲು ಭಾಗ ಇದ್ದರೆ ಸಾಕು. ದಿನಾಂಕ, ಅಳತೆ ಬರೆದ ಚೀಟಿ ಅಂಟಿಸಿ, ಬಿಸಿಲು ಬೀಳದ ಕಪಾಟಿನ ಕೆಳಗಿನ ಖಾನೆಗೆ ಸೇರಿಸಿದೆ.

ಏಪ್ರಿಲ್: ತೌಡಿನ ಡಬ್ಬ

ಚಳಿ ಕಡಿಮೆಯಾದ ಮೇಲೆ ನುಕಾದೊಕೊ ಶುರು ಮಾಡಿದೆ. ತೌಡು, ಉಪ್ಪು, ನೀರು ಕಲಸಿದ ಹಾಸು. ಅದರಲ್ಲಿ ತರಕಾರಿ ಹುಗಿದಿಟ್ಟರೆ ಮರುದಿನಕ್ಕೆ ಉಪ್ಪಿನಕಾಯಿ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ತೌಡು ದನಕ್ಕೆ ಹಾಕುವುದಲ್ವಾ ಮಗ?" ಅಂದರು. ಹೌದು, ಅದೇ ತೌಡು. ಇಲ್ಲಿ ನಾಣ್ಯ ಹಾಕಿ ಅಕ್ಕಿ ಪಾಲಿಶ್ ಮಾಡಿಕೊಳ್ಳುವ ಸಣ್ಣ ಗಿರಣಿಗಳು ರಸ್ತೆ ಬದಿಯಲ್ಲೇ ಇವೆ, ಹಿಂದಿನ ಕೋಣೆಯಲ್ಲಿ ಬಿದ್ದ ತೌಡನ್ನು ಬೇಕಾದವರು ಒಯ್ಯಬಹುದು. ನಾನು ಮಾತ್ರ ಔಷಧಿ ಹೊಡೆಯದ ಅಕ್ಕಿಯ ತೌಡನ್ನು ಅಕ್ಕಿ ಅಂಗಡಿಯಲ್ಲಿ ಹೇಳಿ ತರಿಸಿದೆ. ಕೀಟನಾಶಕ ಉಳಿಯುವುದು ಹೆಚ್ಚಾಗಿ ಹೊರಪದರದಲ್ಲೇ ಅಲ್ವಾ.

ಈ ತೌಡಿನ ಹಿಂದೆ ಒಂದು ದೊಡ್ಡ ಕಥೆ ಇದೆ. ಪಾಲಿಶ್ ಮಾಡಿದ ಬಿಳಿ ಅನ್ನ ತಿನ್ನುತ್ತಿದ್ದ ಜಪಾನಿ ಸೈನಿಕರು ಬೆರಿಬೆರಿ ಕಾಯಿಲೆಯಿಂದ ಸಾವಿರಗಟ್ಟಲೆ ಸತ್ತರು, 1904-05ರ ರಷ್ಯಾ ಯುದ್ಧದಲ್ಲಂತೂ ಬಹಳ. ನೌಕಾಪಡೆಯ ವೈದ್ಯ ತಾಕಾಕಿ ಕಾನೆಹಿರೊ 1884ರಲ್ಲೇ ಹಡಗಿನವರ ಊಟ ಬದಲಿಸಿ ಕಾಯಿಲೆ ತಡೆದು ತೋರಿಸಿದ್ದರು. ಬಾರ್ಲಿ ಬೆರೆಸಿದ ಅನ್ನ ಅವರ ಕ್ರಮದ ಭಾಗವಾಯಿತು. 1910ರಲ್ಲಿ ಸುಜುಕಿ ಉಮೆತಾರೊ ಬೆರಿಬೆರಿ ತಡೆಯುವ ಸತ್ವವನ್ನು ತೌಡಿನಿಂದಲೇ ಬೇರೆ ಮಾಡಿದರು. ನಾವಿಂದು ಅದನ್ನು ವಿಟಮಿನ್ ಬಿ1 ಅನ್ನುತ್ತೇವೆ. ಇಶಿಜುಕಾ ಸಾಗೆನ್ ಪಾಲಿಶ್ ಮಾಡದ ಅಕ್ಕಿಯ ಪರ ಮಾತಾಡಿದ್ದು ಇದೇ ಕಾಲದಲ್ಲಿ. ತೌಡಿನಲ್ಲಿ ಹುಗಿದ ತರಕಾರಿಗೂ ಈ ಬಿ1 ಇಳಿಯುತ್ತದೆ.

ಅಳತೆ: ತೌಡು 1 ಕಿಲೋ, ಉಪ್ಪು 130 ಗ್ರಾಂ, ಕುದಿಸಿ ಆರಿಸಿದ ನೀರು 1 ಲೀಟರ್. ಒಂದು ತುಂಡು ಕೊಂಬು ಕಡಲಕಳೆ, ಎರಡು ಒಣಮೆಣಸು. ಕಲಸಿ ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನೀರು ಜಿನುಗಿದಂತೆ ಕಾಣಬೇಕು, ಹರಿಯಬಾರದು. ಮೊದಲು ಎಲೆಕೋಸಿನ ಹೊರ ಎಲೆ, ಮೂಲಂಗಿ ಸೊಪ್ಪು ಹುಗಿದು, ಮೂರು ನಾಲ್ಕು ದಿನಕ್ಕೊಮ್ಮೆ ತೆಗೆದು ಎಸೆದು ಹೊಸದು ಹಾಕುತ್ತಾ ಹೋಗಬೇಕು. ಇವು ತಿನ್ನುವುದಕ್ಕಲ್ಲ. ಎಲೆಯಲ್ಲಿರುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತೌಡಿನಲ್ಲಿ ನೆಲೆಯೂರಬೇಕು. ಮೊದಮೊದಲು ಬರೀ ಹಸಿ ತೌಡಿನ ವಾಸನೆ. ಎರಡು ವಾರ ಕಳೆದ ಮೇಲೆ ಒಂದು ಹಿತವಾದ ಹುಳಿ ವಾಸನೆ ಬಂತು. ಆಗ ಸೌತೆಕಾಯಿಗೆ ಉಪ್ಪು ಸವರಿ ಹುಗಿದೆ.

ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಎರಡು ಸಲ, ತಳದವರೆಗೆ ಕೈ ಹಾಕಿ ಮಗುಚಬೇಕು. ಮೇಲಿನದ್ದು ಕೆಳಗೆ, ಕೆಳಗಿನದ್ದು ಮೇಲೆ. ಕೊನೆಗೆ ಮೇಲ್ಭಾಗ ಒತ್ತಿ ಸಮ ಮಾಡಿ, ಡಬ್ಬದ ಅಂಚು ಒರೆಸಿಡಬೇಕು.

ನಡುವೆ ಊಟದ ಮಾತು

ತರಕಾರಿ ಅಡುಗೆಯ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ತಳದಲ್ಲಿ ಒಂದು ತುಂಡು ಕೊಂಬು, ಮೇಲೆ ದೊಡ್ಡ ಹೋಳಿನ ಕೆಸುವಿನ ಗಡ್ಡೆ, ತಾವರೆ ಬೇರು, ಕ್ಯಾರೆಟ್, ಸಿಹಿಗುಂಬಳ, ಎರಡು ಬೆರಳು ನೀರು, ಮುಚ್ಚಳ, ಸಣ್ಣ ಉರಿ. ಕೈಯಾಡಿಸಬಾರದು. ಕೊನೆಗೆ ಸ್ವಲ್ಪ ಸೋಯಾ ಸಾಸ್. ಕೆಸು ಸೈತಾಮಾದಲ್ಲಿ ಚೆನ್ನಾಗಿ ಬೆಳೆಯುತ್ತದೆ, ಹಾಗಾಗಿ ನಮ್ಮ ನಾಲಿಗೆಗೂ ಹೊಸದಲ್ಲ.

ಟೊಮೆಟೊ, ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಬಿಡಬೇಕು ಅನ್ನುವ ನಿಯಮ ಇದರಲ್ಲಿದೆ. ಯಿನ್ ಜಾಸ್ತಿ ಅಂತ ಕಾರಣ ಕೊಡುತ್ತಾರೆ. ನಾನು ಯೋಚಿಸಿ ಅದನ್ನು ಇಟ್ಟುಕೊಳ್ಳಲಿಲ್ಲ. ಜುಲೈನಲ್ಲಿ ಪಕ್ಕದ ಹೊಲದಲ್ಲೇ ಬದನೆ ಬೆಳೆಯುತ್ತದೆ, ಊರಿನ ನೆಲದ ಬೆಳೆ ಆ ಕಾಲಕ್ಕೆ ತಿನ್ನಿ ಅನ್ನುವುದು ಇದೇ ಕ್ರಮದ ಮೊದಲ ಮಾತು. ಎರಡು ನಿಯಮ ಡಿಕ್ಕಿ ಹೊಡೆದಾಗ ಹಳೆಯದನ್ನು, ನೆಲಕ್ಕೆ ಹತ್ತಿರದ್ದನ್ನು ಹಿಡಿದೆ. ಬದನೆ ತೌಡಿನ ಡಬ್ಬಕ್ಕೆ ಹೋಯಿತು.

ಇದೇ ಕಾರಣಕ್ಕೆ ಊರಲ್ಲಿರುವ ಗೆಳೆಯರು ಮಿಸೊ, ಉಮೆಬೋಶಿ (ಉಪ್ಪಿನಲ್ಲಿ ಹಾಕಿದ ಹುಳಿ ಹಣ್ಣು) ತರಿಸಿಕೊಡು ಅಂದಾಗ ನಾನು ಒಪ್ಪುವುದಿಲ್ಲ. ಉಡುಪಿಯಲ್ಲಿ ಕೂತು ಹೊಕ್ಕಾಯ್ಡೊದ ಕಡಲಕಳೆ ತಿಂದರೆ ಅದು ಇಶಿಜುಕಾ ಹೇಳಿದ ಊಟ ಆಗುತ್ತದೆಯೇ? ಅಲ್ಲಿ ಕುಚ್ಚಲಕ್ಕಿ ಇದೆ, ಹುರುಳಿ ಇದೆ, ತೆಂಗಿನಕಾಯಿ, ಪುನರ್ಪುಳಿ, ಕೆಸುವಿನ ಎಲೆ ಇದೆ. ಮೈಸೂರು, ಧಾರವಾಡದ ಕಡೆಯಾದರೆ ರಾಗಿ, ಜೋಳ. ತಟ್ಟೆಯ ಪಾಲು ಕುಶಿ ಅವರದ್ದು ಇರಲಿ, ಸಾಮಾನು ಅಲ್ಲಿಯದೇ ಇರಲಿ. ತೆಂಗಿನಕಾಯಿ ಕವಾಗೋಯೆಯಲ್ಲಿರುವ ನನಗೆ ಹೊರಗಿನದ್ದು, ಅಮ್ಮನಿಗೆ ಅಂಗಳದ್ದು.

ಸೆಪ್ಟೆಂಬರ್: ತೌಡಿನ ಡಬ್ಬದ ರಿಪೇರಿ

ಕವಾಗೋಯೆಯ ಬೇಸಿಗೆ ಕಷ್ಟ. 35 ಡಿಗ್ರಿ ದಾಟುವ ದಿನಗಳು ಬೇಕಾದಷ್ಟು. ತೌಡಿನ ಹಾಸಿಗೆ ಹಿತ 20ರಿಂದ 25 ಡಿಗ್ರಿ. ಸೆಪ್ಟೆಂಬರಿಗೆ ಮೂರು ತೊಂದರೆ ಒಟ್ಟಿಗೆ ಕಾಣಿಸಿಕೊಂಡವು. ಮುಚ್ಚಳ ತೆಗೆದರೆ ಪೇಂಟ್ ತಿನ್ನರ್ ವಾಸನೆ. ಕೈ ತಳಕ್ಕೆ ಹೋದರೆ ಬೆವರಿದ ಕಾಲುಚೀಲದ ವಾಸನೆ. ಹುಗಿದ ಸೌತೆ ಬಾಯಿಗಿಡಲಾಗದಷ್ಟು ಹುಳಿ, ಹಾಸು ಗಂಜಿಯಷ್ಟು ನೀರು ನೀರು.

ಎಸೆದುಬಿಡೋಣ ಅಂತ ಹೆಂಡತಿ. ಅಜ್ಜಿ ಮೂಸಿ ನೋಡಿ, "ಇದು ಸತ್ತಿಲ್ಲ, ಸುಸ್ತಾಗಿದೆ" ಅಂದರು. ಅವರು ಹೇಳಿದ್ದನ್ನೂ, ನಾನು ಓದಿಕೊಂಡದ್ದನ್ನೂ ಸೇರಿಸಿ ಒಂದೊಂದಾಗಿ ಸರಿ ಮಾಡಿದೆ.

ತಿನ್ನರ್ ವಾಸನೆ ಮೇಲ್ಭಾಗದ ಯೀಸ್ಟಿನದ್ದು. ಅದಕ್ಕೆ ಗಾಳಿ ಬೇಕು, ಹಾಗಾಗಿ ಮೇಲೆಯೇ ಬೆಳೆದು ಬಿಳಿ ಪೊರೆ ಕಟ್ಟುತ್ತದೆ. ಪೊರೆ ತೆಳುವಾಗಿದ್ದರೆ ಒಳಗೆ ಮಗುಚಿದರೂ ನಡೆಯುತ್ತದೆ. ಇದು ದಪ್ಪಗಿತ್ತು, ಎರಡು ಬೆರಳ ದಪ್ಪ ಮೇಲಿನ ತೌಡು ಕೆರೆದು ತೆಗೆದೆ. ಕಾಲುಚೀಲದ ವಾಸನೆ ಬ್ಯುಟಿರಿಕ್ ಬ್ಯಾಕ್ಟೀರಿಯಾದ್ದು. ಅದು ಗಾಳಿ ಇಲ್ಲದ ತಳದಲ್ಲಿ ಬೆಳೆಯುತ್ತದೆ. ಎರಡಕ್ಕೂ ಒಂದೇ ಮದ್ದು: ಮೇಲಿನದ್ದನ್ನು ತಳಕ್ಕೂ ತಳದ್ದನ್ನು ಮೇಲಕ್ಕೂ ತರುವುದು. ಇಲ್ಲಿ ಡಬ್ಬದ ಆಕಾರವೇ ಅಡ್ಡ ಬರುತ್ತಿತ್ತು. ನಮ್ಮದು ಆಳದ ಪ್ಲಾಸ್ಟಿಕ್ ಬಕೆಟ್. ಮೊಣಕೈವರೆಗೆ ಹೋದರೂ ಮೂಲೆಯ ತೌಡು ಕದಲುತ್ತಿರಲಿಲ್ಲ. ಎನಾಮಲ್ ಬಳಿದ, ಆಳ ಕಡಿಮೆ ಇರುವ ಅಗಲದ ಡಬ್ಬ ತಂದು ಎಲ್ಲಾ ಅದಕ್ಕೆ ದಾಟಿಸಿದೆ. ಅಂಗೈ ಸಲೀಸಾಗಿ ತಳ ಮುಟ್ಟುತ್ತದೆ, ಫ್ರಿಜ್‌ನೊಳಗೂ ಹಿಡಿಯುತ್ತದೆ.

ನೀರಿಗೆ: ಮಧ್ಯೆ ಗುಂಡಿ ಮಾಡಿ ಒಂದು ಸಣ್ಣ ಬಟ್ಟಲು ಒತ್ತಿಟ್ಟರೆ ನೀರು ಬಂದು ತುಂಬುತ್ತದೆ, ತೆಗೆದು ಚೆಲ್ಲಬಹುದು. ಆದರೆ ಆ ನೀರಿನಲ್ಲಿ ಉಪ್ಪೂ ಸತ್ವವೂ ಹೋಗುತ್ತವೆ. ಸ್ವಲ್ಪ ಮಾತ್ರ ತೆಗೆದು, ಉಳಿದದ್ದಕ್ಕೆ ಒಣಗಿಸಿದ ಶಿಟಾಕೆ ಅಣಬೆ ಹುಗಿದೆ. ಅವು ನೀರು ಹೀರಿ ದಪ್ಪಗಾದವು, ಅವನ್ನೇ ಪಲ್ಯ ಮಾಡಿದೆವು, ರುಚಿ ಬಹಳ ಚೆನ್ನಾಗಿತ್ತು. ಆಮೇಲೆ ಹೊಸ ತೌಡು 300 ಗ್ರಾಂ, ಅದಕ್ಕೆ ಸರಿಯಾಗಿ ಉಪ್ಪು 30 ಗ್ರಾಂ. ಹುಳಿ ತಗ್ಗಿಸಲು ಎರಡು ಚಮಚ ಸಾಸಿವೆ ಪುಡಿ, ಒಳಗಿನ ಪೊರೆ ತೆಗೆದು ಒಣಗಿಸಿ ಪುಡಿ ಮಾಡಿದ ಮೊಟ್ಟೆಯ ಚಿಪ್ಪು. ಚಿಪ್ಪಿನ ಕ್ಯಾಲ್ಸಿಯಂ ಕಾರ್ಬೊನೇಟ್ ಹುಳಿಯನ್ನು ತಟಸ್ಥ ಮಾಡುತ್ತದೆ. ಸಾಸಿವೆ ಹುಳಿಯುವ ವೇಗ ತಡೆಯುತ್ತದೆ.

ಕೆಲವು ದಿನ ಯಾವ ತರಕಾರಿಯೂ ಇಲ್ಲ. ಬೆಳಿಗ್ಗೆ, ರಾತ್ರಿ ಮಗುಚುವುದು, ಹಗಲಿಗೆ ಫ್ರಿಜ್. ಮೊದಲು ಹೋಗಿದ್ದು ತಳದ ವಾಸನೆ, ಆಮೇಲೆ ತಿನ್ನರ್. ವಾರ ಕಳೆದ ಮೇಲೆ ಎಲೆಕೋಸಿನ ಎಲೆ ಹುಗಿದು ತೆಗೆದು ನೋಡಿದೆ. ಉಪ್ಪು ಸ್ವಲ್ಪ ಮುಂದಿದೆ, ಹಿಂದೆ ಹುಳಿ ಇದೆ, ಕೊನೆಗೆ ತೌಡಿನ ಸಿಹಿ. ಮತ್ತೆ ಬದನೆ ಹುಗಿದೆ.

ಲೆಕ್ಕ ಹಾಕಿ ಬದಲಿಸಿದ್ದು

ಈ ಊಟದಲ್ಲಿ ನನಗೆ ನಿಜವಾಗಿ ಚಿಂತೆ ತಂದದ್ದು ಉಪ್ಪು. ಒಂದು ದೊಡ್ಡ ಚಮಚ ಮಿಸೊ 18 ಗ್ರಾಂ. ಶೇಕಡಾ 12 ಉಪ್ಪು ಅಂದರೆ 2 ಗ್ರಾಂ ದಾಟಿತು. ಹಳೆಯ ಕ್ರಮದ ಉಮೆಬೋಶಿಯಲ್ಲಿ ಶೇಕಡಾ 20ರ ಹತ್ತಿರ ಉಪ್ಪು, 10 ಗ್ರಾಂ ತಿರುಳಿಗೆ ಇನ್ನೊಂದು 2 ಗ್ರಾಂ. ಅದಕ್ಕೆ ಎಳ್ಳುಪ್ಪು, ಸೋಯಾ ಸಾಸ್, ತೌಡಿನ ಉಪ್ಪಿನಕಾಯಿ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಒಳಗೆ ಅನ್ನುತ್ತದೆ. ಹಾಗಾಗಿ ನಮ್ಮಲ್ಲಿ ಮಿಸೊ ಸೂಪು ದಿನಕ್ಕೆ ಒಂದೇ ಸಲ, ಒಬ್ಬರಿಗೆ ಸಣ್ಣ ಒಂದೂವರೆ ಚಮಚ. ಉಮೆಬೋಶಿ ಇದ್ದ ದಿನ ಎಳ್ಳುಪ್ಪು ಇಲ್ಲ.

ಕಡಲಕಳೆಯಲ್ಲೂ ಹುಷಾರು. ಒಂದೇ ಗ್ರಾಂ ಒಣ ಕೊಂಬುವಿನಲ್ಲಿ ಇರುವ ಅಯೋಡಿನ್, ದಿನಕ್ಕೆ ಬೇಕಾದ 150 ಮೈಕ್ರೋಗ್ರಾಂಗಿಂತ ಎಷ್ಟೋ ಪಟ್ಟು ಜಾಸ್ತಿ. ಥೈರಾಯ್ಡ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ದಿನಾ ಹಾಕಬಾರದು. ಹಿಜಿಕಿ ಅನ್ನುವ ಕಡಲಕಳೆಯನ್ನು ನಾವು ತರುವುದೇ ಇಲ್ಲ. ಅದರಲ್ಲಿ ಆರ್ಸೆನಿಕ್ ಜಾಸ್ತಿ, 2004ರಲ್ಲಿ ಬ್ರಿಟನ್ನಿನ ಆಹಾರ ಇಲಾಖೆ ತಿನ್ನಬೇಡಿ ಅಂತಲೇ ಹೇಳಿತು.

ಬಿ12 ಸಸ್ಯಾಹಾರದಿಂದ ನಂಬಿಕೆಯಾಗಿ ಸಿಗುವುದಿಲ್ಲ, ಮಿಸೊದಿಂದಲೂ ಇಲ್ಲ. ನಮ್ಮದು ಮೀನು ತಿನ್ನುವ ಮನೆ, ಕುಶಿ ಕ್ರಮದಲ್ಲೂ ಆಗೊಮ್ಮೆ ಈಗೊಮ್ಮೆ ಬಿಳಿ ಮೀನಿಗೆ ಜಾಗ ಇದೆ. ಮೀನು ತಿನ್ನದವರು ಹಾಲು ಮೊಸರು ಬಿಡಬೇಡಿ, ಬಿಡುವುದೇ ಆದರೆ ಬಿ12 ಮಾತ್ರೆ ಬೇಕೇ ಬೇಕು. ಮಕ್ಕಳ ವಿಷಯದಲ್ಲಂತೂ ಪ್ರಯೋಗ ಬೇಡ. ನೆದರ್ಲೆಂಡ್ಸ್‌ನಲ್ಲಿ 1980ರ ದಶಕದಲ್ಲಿ ಈ ಊಟದ ಮನೆಗಳ ಎಳೆಯ ಮಕ್ಕಳನ್ನು ಪರೀಕ್ಷಿಸಿದಾಗ ಬೆಳವಣಿಗೆ ಹಿಂದೆ ಬಿದ್ದಿದ್ದು, ಬಿ12 ಮತ್ತು ಡಿ ಕೊರತೆ ಕಂಡುಬಂತು. ನಮ್ಮ ಮಗಳಿಗೆ ಹಾಲು, ಮೊಟ್ಟೆ, ಮೀನು ಮೊದಲಿನಂತೆಯೇ ನಡೆಯುತ್ತದೆ.

ಇನ್ನೊಂದು. ಕ್ಯಾನ್ಸರ್ ಇದರಿಂದ ವಾಸಿಯಾಗುತ್ತದೆ ಅನ್ನುವವರಿದ್ದಾರೆ. ಅದಕ್ಕೆ ಆಧಾರವಿಲ್ಲ. ಕುಶಿ ಅವರೇ 2014ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡರು. ಆಸ್ಪತ್ರೆ ಬಿಟ್ಟು ಈ ಊಟ ಹಿಡಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕಾಫಿಯನ್ನು ಒಮ್ಮೆಲೇ ಬಿಡದೆ ಲೋಟ ಸಣ್ಣ ಮಾಡುತ್ತಾ ಬಂದೆ, ತಲೆನೋವು ಕಾಡಲಿಲ್ಲ. ಈಗ ಬೆಳಿಗ್ಗೆ ಒಂದು ಲೋಟ ಇದೆ, ಸಂಜೆ ಬಾನ್ಚಾ ಅನ್ನುವ ಜಪಾನಿ ಚಹಾ. ಮಲಗುವ ಮೂರು ಗಂಟೆ ಮೊದಲು ಊಟ ಮುಗಿಯಬೇಕು ಅನ್ನುವ ನಿಯಮ ಮೂವರಿಗೂ ಹಿಡಿಸಿತು.

ಜುಲೈ, ಡಿಸೆಂಬರ್: ಭರಣಿ

ಜುಲೈ ಕೊನೆಗೆ ಮಿಸೊ ಭರಣಿ ತೆಗೆದು ತಳಮೇಲು ಮಾಡಿದ್ದೆ. ಅಂಚಿನಲ್ಲಿ ಅಲ್ಲಲ್ಲಿ ಬೂಸ್ಟು, ಒಂದು ಕಡೆ ಹಸಿರು. ಹಸಿರು ಇದ್ದಲ್ಲಿ ಸುತ್ತಲಿನ ಮಿಸೊ ಸಮೇತ ಧಾರಾಳವಾಗಿ ತೆಗೆದು ಎಸೆದೆ, ಭರಣಿಯ ಒಳಗೋಡೆಯನ್ನು ಮತ್ತೆ ಶೋಚುವಿನಲ್ಲಿ ಒರೆಸಿ, ಹೊಸ ಉಪ್ಪು ಉದುರಿಸಿ ಮುಚ್ಚಿದೆ. ಮೇಲೆ ಕಪ್ಪು ರಸ ತೆಳ್ಳಗೆ ನಿಂತಿತ್ತು. ಅದು ಒಳ್ಳೆಯ ಲಕ್ಷಣ, ಒಳಗೇ ಸೇರಿಸಿದೆ.

ಡಿಸೆಂಬರಿನಲ್ಲಿ ತೆರೆದಾಗ ಫೆಬ್ರವರಿಯ ತಿಳಿ ಹಳದಿ ಮುದ್ದೆ ಗಾಢ ಕಂದು ಆಗಿತ್ತು. ಬಾರ್ಲಿಯ ನಡುಗೀರು ಅಲ್ಲಲ್ಲಿ ಇನ್ನೂ ಕಾಣುತ್ತಿತ್ತು. ಉಪ್ಪಿನ ಚುರುಕು ಹೋಗಿ ರುಚಿ ದುಂಡಗಾಗಿತ್ತು. ನೇಗಿ ಈರುಳ್ಳಿ, ತೋಫು ಹಾಕಿದ ಸಾರಿಗೆ ಒಲೆ ಆರಿಸಿದ ಮೇಲೆ ಮಿಸೊ ಕರಗಿಸಿದೆವು. ಕುದಿಸಿದರೆ ಪರಿಮಳ ಹಾರಿಹೋಗುತ್ತದೆ. ಅಜ್ಜಿಗೆ ಒಂದು ಡಬ್ಬ ಕೊಟ್ಟೆವು, ಅವರು ಬೆರಳಲ್ಲಿ ನೆಕ್ಕಿ ನೋಡಿ ತಮ್ಮ ಅಕ್ಕಿ ಕೋಜಿಯ ಮಿಸೊ ಒಂದು ಡಬ್ಬ ತಂದುಕೊಟ್ಟರು.

ಉಳಿದದ್ದನ್ನು ಸಣ್ಣ ಡಬ್ಬಗಳಲ್ಲಿ ತುಂಬಿ ಫ್ರೀಜರಿಗೆ ಹಾಕಿದ್ದೇನೆ. ಉಪ್ಪು ಇರುವುದರಿಂದ ಕಲ್ಲಾಗುವುದಿಲ್ಲ, ಚಮಚ ನೇರವಾಗಿ ಇಳಿಯುತ್ತದೆ, ಹುಳಿಯುವುದೂ ಅಲ್ಲಿಗೆ ನಿಲ್ಲುತ್ತದೆ. ನಮ್ಮ ಮೂವರಿಗೆ 1.8 ಕಿಲೋ ಸಾಲುವುದಿಲ್ಲ ಅಂತ ಈಗಲೇ ಗೊತ್ತಾಗಿದೆ. ಬರುವ ಫೆಬ್ರವರಿಗೆ ಸೋಯಾ 1 ಕಿಲೋ, ಕೋಜಿ ಅರ್ಧ ಬಾರ್ಲಿ ಅರ್ಧ ಅಕ್ಕಿ ಸೇರಿ 1 ಕಿಲೋ, ಉಪ್ಪು 420 ಗ್ರಾಂ. ಕೋಜಿ ಅಂಗಡಿಯಲ್ಲಿ ಜನವರಿ ಮೊದಲ ವಾರವೇ ಹೇಳಿಡಬೇಕು, ತಡವಾದರೆ ಮುಗಿದುಹೋಗುತ್ತದೆ.